ಅಟ್ಟದ ಮೇಲಿನ ಪಿಸ್ತೂಲು ಮಾರಾಟಕ್ಕಿಲ್ಲ

ಹೋದ ತಿಂಗಳು ರಾಜಘಟ್ಟದ ನಮ್ಮ ಸೋದರಮಾವನ ಮನೆಗೆ ಹೋಗಿದ್ದೆ. ಊಟ ಮುಗಿಸಿ ಜಗಲಿ ಮೇಲೆ ಕೂತಿದ್ದಾಗ ಪಕ್ಕದ ಮನೆ ತಾತ ಕರೆದರು. "ಏ ಪೇಪರ್ ಓದಿದೋನೇ, ಬಾ ಇಲ್ಲಿ. ಒಂದು ಸಾಮಾನು ತೋರಿಸ್ತೀನಿ." ನಾನು ಪತ್ರಿಕೋದ್ಯಮ ಓದಿದ್ದೇನೆ ಅನ್ನುವ ಸುದ್ದಿ ಆ ಬೀದಿಗೆ ತಲುಪಿರುವುದು ಹೀಗೆ.

ಹಳೇ ಸೀರೆಯ ತುಂಡು ಬಿಚ್ಚಿದರೆ ಒಳಗೆ ಒಂದು ಪಿಸ್ತೂಲು. ಮೊಳಕ್ಕಿಂತ ಚಿಕ್ಕದು, ಕೈಗೆ ಭಾರ. ಮರದ ಹಿಡಿ, ಹಿಡಿಯ ತುದಿಗೆ ಹಿತ್ತಾಳೆ ಟೋಪಿ, ತುಕ್ಕು ಹಿಡಿದ ನಳಿಗೆ. ಮೇಲೆ ಕಲ್ಲು ಕಚ್ಚಿಕೊಳ್ಳುವ ಕುದುರೆಯ ಬಾಯಿ ಮುರಿದಿದೆ. ಇಷ್ಟು ವರ್ಷ ಅಟ್ಟದ ಮೇಲೆ ರಾಗಿ ಮೂಟೆಗಳ ಹಿಂದೆ ಇತ್ತಂತೆ. ಬೆಂಗಳೂರಿನಿಂದ ಒಬ್ಬ ಬಂದಿದ್ದ. ಮೊದಲು ತಾಮ್ರದ ಹಂಡೆ, ಹಳೇ ಕಂಬ, ಬಾಗಿಲ ಚೌಕಟ್ಟು ಕೇಳಿಕೊಂಡು ಬಂದವನು ಇದನ್ನು ನೋಡಿ ಹದಿನೈದು ಸಾವಿರ ಅಂದ. "ಕಂಪನಿ ಆಫೀಸರ್ ಪಿಸ್ತೂಲು, ಕಲೆಕ್ಟರ್‌ಗಳು ತಗೋತಾರೆ" ಅಂದನಂತೆ. ತಾತ ಮೊದಲು ಜಿಲ್ಲಾಧಿಕಾರಿ ಅಂದುಕೊಂಡು ಹೆದರಿದ್ದರು. ಆಮೇಲೆ ಗೊತ್ತಾಯಿತು, ಹಳೇ ಸಾಮಾನು ಕೂಡಿಡುವ ದುಡ್ಡಿನವರು ಅಂತ.

"ಇದು ನಿಮ್ಮ ಮನೆಗೆ ಎಲ್ಲಿಂದ ಬಂತು ಅಂತ ಅವನು ಕೇಳಿದನಾ ತಾತ?"

"ಇಲ್ಲ ಕಣಪ್ಪ. ನಾನೇ ಹೇಳಕ್ಕೆ ಹೋದೆ. ಅದೆಲ್ಲ ಬೇಡ ಯಜಮಾನ್ರೇ, ಟಿಪ್ಪು ಕಾಲದ್ದು ಅಂತ ನಾನೇ ಹೇಳ್ಕೋತೀನಿ ಅಂದ."

ಗೆಳೆಯರೇ, ನನ್ನ ತಕರಾರು ಶುರುವಾಗುವುದು ಇಲ್ಲಿಂದ. ತಾತನ ಹತ್ತಿರ ಒಂದು ಕಥೆ ಇದೆ. ಅವರ ಮುತ್ತಾತನಿಗೆ ನಂದಿ ಬೆಟ್ಟದ ಕಡೆ ಹೊಲ ಉಳುವಾಗ ಸಿಕ್ಕಿತು ಅಂತ ಒಂದು ಪಾಠ. ಯಾರೋ ಸಾಲಕ್ಕೆ ಒತ್ತೆ ಇಟ್ಟು ಬಿಡಿಸಿಕೊಳ್ಳಲಿಲ್ಲ ಅಂತ ಅಜ್ಜಿಯ ಪಾಠ. ಯಾವುದು ನಿಜ ಅಂತ ವಿಚಾರಿಸಬಹುದು. ಹದಿನೈದು ಸಾವಿರಕ್ಕೆ ಪಿಸ್ತೂಲು ಹೋದ ದಿನ ಎರಡೂ ಕಥೆ ಸತ್ತವು. ಆ ಜಾಗಕ್ಕೆ ಮಾರುವವನಿಗೆ ಲಾಭ ತರುವ ಮೂರನೇ ಕಥೆ ಬಂದು ಕೂರುತ್ತದೆ. ಹಳೇ ಆಯುಧದ ಮಾರುಕಟ್ಟೆ ಮಾಡುವ ದೊಡ್ಡ ಅನ್ಯಾಯ ಇದು. ವಸ್ತುವನ್ನು ಇಟ್ಟುಕೊಂಡು ಸಾಕ್ಷಿಯನ್ನು ಕೊಲ್ಲುತ್ತದೆ.

ಈ ಪಿಸ್ತೂಲು ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಕುದುರೆಯ ಬಾಯಿಗೆ ಚಕಮಕಿ ಕಲ್ಲಿನ ಚೂರು ಕಚ್ಚಿಸುತ್ತಾರೆ. ಟ್ರಿಗರ್ ಎಳೆದರೆ ಕಲ್ಲು ಮುಂದಿನ ಉಕ್ಕಿನ ತಟ್ಟೆಗೆ ಬಡಿದು ಕಿಡಿ ಹಾರುತ್ತದೆ. ಅದೇ ಪೆಟ್ಟಿಗೆ ತಟ್ಟೆ ಸರಿದು ಕೆಳಗಿನ ಪುಟ್ಟ ಬಟ್ಟಲು ತೆರೆದುಕೊಳ್ಳುತ್ತದೆ. ಬಟ್ಟಲಲ್ಲಿರುವ ನಯವಾದ ಮದ್ದು, ಅಂದರೆ ರಂಜಕ, ಹೊತ್ತಿಕೊಂಡು ಒಂದು ಸಣ್ಣ ತೂತಿನ ಮೂಲಕ ನಳಿಗೆಯೊಳಗಿನ ಮದ್ದಿಗೆ ಬೆಂಕಿ ಮುಟ್ಟಿಸುತ್ತದೆ. ಒಂದು ಸಲಕ್ಕೆ ಒಂದೇ ಗುಂಡು. ಮತ್ತೆ ಹೊಡೆಯಬೇಕಾದರೆ ಮದ್ದು ಗುಂಡು ತುಂಬಿ ಕಡ್ಡಿಯಲ್ಲಿ ಜಡಿಯಬೇಕು. ಮಳೆ ಬಂದರೆ ಅದೂ ಇಲ್ಲ. ಕೆಲವೇ ಹೆಜ್ಜೆ ದೂರದಲ್ಲಿ, ಕಣ್ಣಿಗೆ ಕಣ್ಣು ಕೊಟ್ಟು ಕೊಲ್ಲುವ ಆಯುಧ ಇದು. ಬ್ರಿಟಿಷ್ ಸೇನೆಯಲ್ಲಿ ಅಧಿಕಾರಿಗಳು ತಮ್ಮ ಪಿಸ್ತೂಲನ್ನು ತಾವೇ ಕೊಂಡುಕೊಳ್ಳುತ್ತಿದ್ದರು. ಅದಕ್ಕೇ ಒಂದೊಂದೂ ಒಂದೊಂದು ಥರ, ಬೆಳ್ಳಿ ಹಿತ್ತಾಳೆ ಕೆಲಸದ್ದು. ಇವತ್ತು ಸಂಗ್ರಹಕಾರರು ಅವುಗಳ ಹಿಂದೆ ಬೀಳುವುದೂ ಅದಕ್ಕೇ.

ನಮ್ಮ ಸೀಮೆಯಲ್ಲಿ ಇಂಥದ್ದು ಸಿಗುವುದರಲ್ಲಿ ಆಶ್ಚರ್ಯ ಇಲ್ಲ. ಹೈದರನನ್ನು ಹದಿನೆಂಟನೇ ಶತಮಾನದ ಮೈಸೂರು ಸೇನೆ ಗುರುತಿಸಿದ್ದು 1749ರ ದೇವನಹಳ್ಳಿ ಮುತ್ತಿಗೆಯಲ್ಲಿ. ಟಿಪ್ಪು ಹುಟ್ಟಿದ್ದೂ ಅದೇ ದೇವನಹಳ್ಳಿಯಲ್ಲಿ. ಅದಕ್ಕೂ ಮೊದಲು, ಹೈದರ್ ಹುಡುಗನಾಗಿದ್ದಾಗ, ದೊಡ್ಡಬಳ್ಳಾಪುರದ ಜಹಗೀರುದಾರ ಅಬ್ಬಾಸ್ ಕುಲಿ ಖಾನ್ ಹಣ ಕೀಳಲಿಕ್ಕೆ ಅವನನ್ನೂ ಅವನ ಅಣ್ಣನನ್ನೂ ನಗಾರಿಯೊಳಗೆ ಕೂಡಿ ಹಿಂಸಿಸಿದ ಕಥೆಯನ್ನು ಇತಿಹಾಸಕಾರ ವಿಲ್ಕ್ಸ್ ಬರೆದಿಟ್ಟಿದ್ದಾನೆ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದ ಕಾರ್ನ್‌ವಾಲಿಸ್ ನಿಜಾಮನ ಕುದುರೆ ದಂಡನ್ನು ಸೇರಿಕೊಳ್ಳಲು ಬಂದದ್ದು ದೇವನಹಳ್ಳಿ, ಚಿಕ್ಕಬಳ್ಳಾಪುರದ ದಾರಿಯಲ್ಲೇ. ಅದೇ ವರ್ಷ ಅಕ್ಟೋಬರ್‌ನಲ್ಲಿ, ವಾರಗಟ್ಟಲೆ ಮುತ್ತಿಗೆಯ ನಂತರ, ಒಂದು ರಾತ್ರಿ ಕೋಟೆ ಗೋಡೆ ಒಡೆದ ಜಾಗದಿಂದ ನಂದಿ ದುರ್ಗಕ್ಕೆ ನುಗ್ಗಿದರು. ಆ ದಂಡುಗಳು ನಮ್ಮ ಕೆರೆಗಳ ನೀರು ಕುಡಿದು, ನಮ್ಮ ಹೊಲಗಳ ರಾಗಿ ತಿಂದು ಹೋಗಿವೆ. ಒಂದು ಪಿಸ್ತೂಲು ಬಿದ್ದುಹೋಗಿರಬಹುದು. ಆದರೆ "ಬಿದ್ದುಹೋಗಿರಬಹುದು" ಅನ್ನುವುದನ್ನು "ಇಲ್ಲಿ ಬಿದ್ದಿತ್ತು" ಅಂತ ಹೇಳಲು ಜಾಗ ಬೇಕು, ಜನ ಬೇಕು, ಮನೆತನದ ನೆನಪು ಬೇಕು. ದಲ್ಲಾಳಿಯ ಚೀಲದಲ್ಲಿ ಇವು ಮೂರೂ ಇರುವುದಿಲ್ಲ.

ಈಗ ಲಂಡನ್ನಿನ ದೊಡ್ಡ ಅಂಗಡಿಗೆ ಬನ್ನಿ. 2025ರ ಅಕ್ಟೋಬರ್‌ನಲ್ಲಿ ಸೋದಬೀಸ್ ಹರಾಜಿನಲ್ಲಿ ಟಿಪ್ಪುವಿಗಾಗಿ ಮಾಡಿದ ಬೆಳ್ಳಿ ಕಟ್ಟಿನ ಒಂದು ಜೋಡಿ ಚಕಮಕಿ ಪಿಸ್ತೂಲು 11 ಲಕ್ಷ ಪೌಂಡ್‌ಗೆ ಹೋಯಿತು. ನಮ್ಮ ಲೆಕ್ಕದಲ್ಲಿ 12 ಕೋಟಿಗೂ ಮೇಲೆ. 2015ರಲ್ಲಿ ಬಾನಮ್ಸ್ ಟಿಪ್ಪುವಿನ ಕತ್ತಿ, ಕೋವಿಗಳ ಒಂದು ಇಡೀ ಸಂಗ್ರಹ ಮಾರಿ 60 ಲಕ್ಷ ಪೌಂಡ್ ಎಣಿಸಿತು. 2023ರ ಮೇ ತಿಂಗಳಲ್ಲಿ ಅವನ ಮಲಗುವ ಕೋಣೆಯ ಕತ್ತಿಯೊಂದೇ 1 ಕೋಟಿ 40 ಲಕ್ಷ ಪೌಂಡ್ ತಂದಿತು. 2019ರಲ್ಲಿ ಇನ್ನೊಂದು ಹರಾಜು. ಇಂಗ್ಲೆಂಡಿನ ಬರ್ಕ್‌ಷೈರ್‌ನ ಒಂದು ಮನೆಯ ಅಟ್ಟದಲ್ಲಿ ಟಿಪ್ಪುವಿನ ಬೆಳ್ಳಿ ಕಟ್ಟಿನ ಚಕಮಕಿ ಕೋವಿ ಸಿಕ್ಕಿತು. ಕಂಪನಿಯ ಮೇಜರ್ ಥಾಮಸ್ ಹಾರ್ಟ್ 1799ರ ನಂತರ ತಂದಿಟ್ಟದ್ದು. 60 ಸಾವಿರ ಪೌಂಡ್‌ಗೆ ಹೋಯಿತು.

ನೋಡಿ, ಅಲ್ಲೂ ಅಟ್ಟ, ಇಲ್ಲೂ ಅಟ್ಟ. ಅವರ ಅಟ್ಟದ ಕೋವಿಗೆ ಬೆಲೆ ಬಂದದ್ದು ಬೆಳ್ಳಿಯಿಂದ ಮಾತ್ರ ಅಲ್ಲ. ಅದರ ಜೊತೆ ಒಂದು ಹೆಸರು, ಒಂದು ದಿನಾಂಕ, ಒಂದು ವಂಶಾವಳಿ ಇತ್ತು. ಯಾರು ತಂದರು, ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನುವುದಕ್ಕೆ ಸಂಗ್ರಹಕಾರರು ಒಂದು ಗೌರವದ ಪದ ಇಟ್ಟುಕೊಂಡಿದ್ದಾರೆ: ಪ್ರಾವೆನೆನ್ಸ್. ಹರಾಜು ಪಟ್ಟಿಯಲ್ಲಿ ಆ ಪದದ ಕೆಳಗೆ ಬರೆದಿರುವುದನ್ನು ಪೊಲೀಸ್ ಠಾಣೆಯಲ್ಲಿ ಓದಿದರೆ ತಪ್ಪೊಪ್ಪಿಗೆ ಆಗುತ್ತದೆ. ಹರಾಜು ಕೋಣೆಯಲ್ಲಿ ಓದಿದರೆ ಬೆಲೆ ಏರುತ್ತದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆ ರಾತ್ರಿ ಊರೆಲ್ಲ ಲೂಟಿ. ನಿಲ್ಲಿಸಲಿಕ್ಕೆ ಆರ್ಥರ್ ವೆಲ್ಲೆಸ್ಲಿ ತನ್ನ ಕಡೆಯ ಕೆಲವರನ್ನೇ ಗಲ್ಲಿಗೇರಿಸಬೇಕಾಯಿತು. ಆಮೇಲೆ ಲೂಟಿಗೆ ಕಚೇರಿ ತೆರೆದರು. ಅರಮನೆ, ಖಜಾನೆ ಎಲ್ಲ ಲೆಕ್ಕ ಹಾಕಿ ದರ್ಜೆ ಪ್ರಕಾರ ಹಂಚಿದರು. ಸೇನಾಧಿಪತಿ ಹ್ಯಾರಿಸ್‌ಗೆ 1 ಲಕ್ಷ 42 ಸಾವಿರ ಪೌಂಡ್. ಬಿಳಿಯ ಸಿಪಾಯಿಗೆ ಸುಮಾರು 7 ಪೌಂಡ್. ಅವನ ಪಕ್ಕದಲ್ಲೇ ನಿಂತು ಸತ್ತ ನಮ್ಮ ಕರಿಯ ಸಿಪಾಯಿಯ ಪಾಲು ಸುಮಾರು 5 ಪೌಂಡ್. ಹುಲಿ ಸಿಂಹಾಸನವನ್ನು ಒಡೆದು ಚೂರು ಮಾಡಿ ಹಂಚಿದರು. ಆ ಸಿಂಹಾಸನದ ಒಂದು ಹುಲಿ ತಲೆಯನ್ನು ಯಾರೋ ದೇಶದಿಂದ ಹೊರಗೆ ಒಯ್ಯಲು ಹೊರಟಾಗ, 2021ರಲ್ಲಿ ಬ್ರಿಟನ್ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. ಯಾಕೆ? ಅದು ತಮ್ಮ ದೇಶದ ಅಮೂಲ್ಯ ವಸ್ತು, ಹೊರಗೆ ಹೋಗಬಾರದು ಅಂತ! ಕದ್ದ ಹಸು ನಮ್ಮ ಕೊಟ್ಟಿಗೆಯಲ್ಲೇ ಇರಬೇಕು ಅನ್ನುವ ಕಾನೂನು ಇದು.

ಇದಕ್ಕೆ ನಮ್ಮ ಕಡೆಯ ಉತ್ತರ ಏನು? ಪ್ರತಿ ಹರಾಜಿನ ಸುದ್ದಿ ಬಂದಾಗಲೂ ವಾಟ್ಸಾಪಿನಲ್ಲಿ ಎರಡು ಗುಂಪು ಏಳುತ್ತದೆ. ಒಂದು, "ಎಷ್ಟಾದರೂ ಕೊಟ್ಟು ವಾಪಸ್ ತನ್ನಿ" ಅನ್ನುತ್ತದೆ. ಇನ್ನೊಂದು, "ಆ ಟಿಪ್ಪುವಿನದ್ದು ನಮಗ್ಯಾಕೆ" ಅನ್ನುತ್ತದೆ. ಎರಡರ ಜೊತೆಗೂ ನನಗೆ ಜಗಳ ಇದೆ.

ಮೊದಲು ಕೊಂಡು ತರುವವರ ಮಾತು. ವಿಜಯ್ ಮಲ್ಯ 2003ರಲ್ಲಿ ಲಂಡನ್ನಿನಲ್ಲಿ ಟಿಪ್ಪುವಿನ ಕತ್ತಿ ಹರಾಜಿನಲ್ಲಿ ಕೊಂಡರು. ಮರುವರ್ಷ ಚುನಾವಣೆಯ ಹೊತ್ತಿಗೆ ಅದು ಊರೂರಿನ ಸುದ್ದಿ. ಕನ್ನಡನಾಡಿನ ಮಾನ ವಾಪಸ್ ಬಂತು ಅಂತ ಚಪ್ಪಾಳೆ. 2018ರಲ್ಲಿ ಲಂಡನ್ನಿನ ನ್ಯಾಯಾಲಯದ ಪ್ರಕರಣದಲ್ಲಿ ಹೊರಬಿದ್ದದ್ದು ಏನು? ಅದು ದುರದೃಷ್ಟ ತರುತ್ತದೆ ಅಂತ ಮನೆಯವರು ಹೇಳಿದ್ದಕ್ಕೆ 2016ರಲ್ಲೇ ಯಾರಿಗೋ ಕೊಟ್ಟುಬಿಟ್ಟರಂತೆ. ಒಬ್ಬ ಮನುಷ್ಯನ ಜೇಬಿನಿಂದ ಬಂದ ಹೆಮ್ಮೆ ಅದೇ ಮನುಷ್ಯನ ಜೇಬಿನಿಂದ ಜಾರಿಹೋಗುತ್ತದೆ. ನಾಡಿಗೆ ಉಳಿದದ್ದು ಚಪ್ಪಾಳೆಯ ಸದ್ದು. ಇನ್ನೂ ಒಂದು ಮಾತು: ದೇಶಾಭಿಮಾನದಿಂದ ಕೈ ಎತ್ತುವ ಪ್ರತಿಯೊಬ್ಬನೂ ಮುಂದಿನ ಹರಾಜಿನ ಬೆಲೆ ಏರಿಸುತ್ತಾನೆ. ಲೂಟಿಯಾದದ್ದಕ್ಕೆ ನಾವೇ ದುಡ್ಡು ಕೊಟ್ಟರೆ ಲೂಟಿ ಎರಡು ಸಲ ಆದಂತೆ.

"ನಮಗ್ಯಾಕೆ" ಅನ್ನುವವರಿಗೆ ಒಂದು ಪ್ರಶ್ನೆ. ಆ ಪಿಸ್ತೂಲನ್ನು ಟಿಪ್ಪು ತನ್ನ ಕೈಯಾರೆ ಮಾಡಿದನಾ? ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ಕಬ್ಬಿಣ ಕಾಯಿಸಿದವರು, ನಳಿಗೆ ಕೊರೆದವರು, ಬೆಳ್ಳಿ ಕೂರಿಸಿದವರು ಈ ನೆಲದ ಕಮ್ಮಾರರು, ಅಕ್ಕಸಾಲಿಗರು, ಬಡಗಿಗಳು. ಯುರೋಪಿನಿಂದ ಬಂದ ಪಿಸ್ತೂಲಿನ ಕೀಲನ್ನು ಬಿಚ್ಚಿ ನೋಡಿ, ತಾವೇ ಮಾಡಲು ಕಲಿತು, ಅದಕ್ಕೆ ಹುಲಿಯ ಮುಖ ಕೆತ್ತಿದವರು. ಸೋದಬೀಸ್‌ನಲ್ಲಿ ಹೋದ ಆ ಜೋಡಿಯಲ್ಲಿ ಒಂದರ ಕೀಲು ಎಡಕ್ಕೆ, ಇನ್ನೊಂದರದ್ದು ಬಲಕ್ಕೆ, ಕನ್ನಡಿಯಲ್ಲಿ ನೋಡಿದ ಹಾಗೆ. ಅಂಥ ಕೆಲಸಕ್ಕೆ ಎಂಥ ಕೈ ಬೇಕು ಅಂತ ದೊಡ್ಡಬಳ್ಳಾಪುರದ ಯಾವ ನೇಕಾರನನ್ನಾದರೂ ಕೇಳಿ, ಸೀರೆಯ ಎರಡೂ ಅಂಚು ಒಂದೇ ಸಮ ತರುವ ಕಷ್ಟ ಅವನಿಗೆ ಗೊತ್ತು. ಸರ್ಕಾರ 2015ರಲ್ಲಿ ಜಯಂತಿ ಶುರು ಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಬೀದಿ ತುಂಬ ಜಗಳ ಆಯಿತು. ಆ ಜಗಳದಲ್ಲಿ ಈ ಕಸುಬುದಾರರ ಹೆಸರನ್ನು ಯಾರ ಬಾಯಲ್ಲೂ ನಾನು ಕೇಳಲಿಲ್ಲ.

ಹಾಗಾದರೆ ಕೆಲಸ ಎಲ್ಲಿಂದ ಶುರು? ಲಂಡನ್ನಿನಿಂದ ಅಲ್ಲ, ನಮ್ಮ ಅಟ್ಟದಿಂದ ಅಂತ ನನ್ನ ವಾದ. ಎರಡು ಉದಾಹರಣೆ ಕೊಡುತ್ತೇನೆ.

ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಳೇ ಬಿದನೂರಿನಲ್ಲಿ, 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯವರು ಒಂದು ಹಾಳುಬಾವಿ ಅಗೆದರು. ಮಣ್ಣಿನಲ್ಲಿ ಮದ್ದಿನ ವಾಸನೆ ಇತ್ತಂತೆ. ಸಿಕ್ಕಿದ್ದು ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು, ಟಿಪ್ಪು ಕಾಲದವು. ಬೆಳ್ಳಿ ಇಲ್ಲ, ಹುಲಿ ತಲೆ ಇಲ್ಲ, ಬರೀ ತುಕ್ಕು. ಹರಾಜಿನಲ್ಲಿ ಒಂದೊಂದಕ್ಕೆ ಏನು ಬಂದೀತು? ಆದರೆ ಒಂದೇ ಬಾವಿಯಲ್ಲಿ, ಒಂದೇ ಕಡೆ ಸಾವಿರ ಸಿಕ್ಕಿದ್ದರಿಂದ ಬಿದನೂರಿನಲ್ಲಿ ಎಂಥ ಮದ್ದಿನ ಸಂಗ್ರಹ ಇತ್ತು, ಯಾವ್ಯಾವ ಅಳತೆಯ ಕೊಳವೆ ಮಾಡುತ್ತಿದ್ದರು ಅಂತ ಅಳೆದು ನೋಡುವ ಹಾಗಾಯಿತು. ಮೈಸೂರಿನ ರಾಕೆಟ್ ನೋಡಿಯೇ ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ ಅಂತ ಪುಸ್ತಕದಲ್ಲಿ ಓದಿದ್ದೆವು. ಅದರ ಮೂಲ ಈಗ ನಮ್ಮ ಕಣ್ಣ ಮುಂದೆ, ಶಿವಮೊಗ್ಗದಲ್ಲೇ ಇದೆ. ದಲ್ಲಾಳಿ ಮೊದಲು ಬಂದು ಒಂದೊಂದಾಗಿ ಎತ್ತಿಕೊಂಡು ಹೋಗಿದ್ದರೆ? ಸಾವಿರ ಜನರ ಗಾಜಿನ ಬೀರುವಿನಲ್ಲಿ ಸಾವಿರ ತುಕ್ಕಿನ ಕೊಳವೆ, ಅಷ್ಟೇ.

ಎರಡನೇ ಉದಾಹರಣೆ ರಾಜಘಟ್ಟವೇ. 2001 ಮತ್ತು 2004ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದವರು ಇಲ್ಲಿ ಅಗೆದಾಗ ಬೌದ್ಧ ಚೈತ್ಯ, ವಿಹಾರದ ಇಟ್ಟಿಗೆ ತಳಪಾಯ ಸಿಕ್ಕಿತು. ಜೊತೆಗೆ ಅಂಗೈಯಲ್ಲಿ ಹಿಡಿಸುವ ಮಣ್ಣಿನ ಪುಟ್ಟ ಸ್ತೂಪಗಳು, ಅಕ್ಷರ ಒತ್ತಿದ ಮಣ್ಣಿನ ಬಿಲ್ಲೆಗಳು. ಸಾವಿರ ವರ್ಷಕ್ಕೂ ಹಳೆಯವು. ಹರಾಜುದಾರನ ಕಣ್ಣಿಗೆ ಅವು ಮಣ್ಣುಂಡೆ. ಆದರೆ ಬೆಂಗಳೂರಿನ ಆಸುಪಾಸಿನ ಬಯಲುಸೀಮೆಯಲ್ಲಿ ಭಿಕ್ಷುಗಳು ಬಾಳಿದ್ದರು ಅನ್ನುವುದನ್ನು ಇತಿಹಾಸಕ್ಕೆ ಸೇರಿಸಿದ್ದು ಆ ಮಣ್ಣುಂಡೆಗಳೇ. ಕಾರಣ ಒಂದೇ: ಯಾವ ಮಣ್ಣಿನ ಪದರದಲ್ಲಿ, ಯಾವ ಗೋಡೆಯ ಪಕ್ಕ, ಯಾವುದರ ಜೊತೆ ಸಿಕ್ಕಿತು ಅಂತ ಬರೆದಿಟ್ಟುಕೊಂಡು ತೆಗೆದರು.

ಈಗ ಎದುರು ವಾದ. ನಮ್ಮ ಸ್ನೇಹಿತನೇ ಹೇಳಿದ: "ಸಂಗ್ರಹಕಾರರನ್ನು ಬೈಯಬೇಡ. ಅವರು ಕೊಳ್ಳದಿದ್ದರೆ ತಾತನ ಪಿಸ್ತೂಲು ಗುಜರಿಗೆ ಹೋಗುತ್ತಿತ್ತು." ಇದರಲ್ಲಿ ನಿಜ ಇದೆ, ಒಪ್ಪುತ್ತೇನೆ. ನಮ್ಮೂರುಗಳಲ್ಲಿ ಹಳೇ ಕೋವಿ ನಳಿಗೆಯನ್ನು ಬಚ್ಚಲ ಒಲೆ ಊದುವ ಕೊಳವೆ ಮಾಡಿಕೊಂಡದ್ದನ್ನು ನಾನೇ ನೋಡಿದ್ದೇನೆ. ಒಳ್ಳೆಯ ಸಂಗ್ರಹಕಾರ ಎಣ್ಣೆ ಹಚ್ಚಿ, ಒಣ ಜಾಗದಲ್ಲಿಟ್ಟು, ಗುರುತು ಓದಿ ಬರೆದಿಡುತ್ತಾನೆ. ಅಂಥವರಿಂದ ನಾನೂ ಕಲಿತಿದ್ದೇನೆ. ಕಂಪನಿಯ ಕೋವಿಯ ಮೇಲೆ ಹಳೆಯ ಕಾಲದಲ್ಲಿ ಹೃದಯದ ಆಕಾರದ ಗುರುತು, 1808ರಿಂದ ಈಚೆಗೆ ನಿಂತ ಸಿಂಹದ ಗುರುತು ಇರುತ್ತದೆ ಅಂತ ಹೇಳಿಕೊಟ್ಟವರು ಅವರೇ. ಟಿಪ್ಪುವಿನ ಕಾರ್ಖಾನೆಯ ಮಾಲಿನ ಮೇಲೆ ಹುಲಿಪಟ್ಟೆ, ಹೈದರ್ ಹೆಸರಿನ ಮುದ್ರೆ, ಮೌಲೂದಿ ಶಕೆಯ ವರ್ಷ ಇರುತ್ತದೆ ಅಂತಲೂ. ಸಂಗ್ರಹದ ಆಸೆ ತಪ್ಪಲ್ಲ. ಎಲ್ಲಿಂದ ಬಂತು ಅಂತ ಕೇಳದೆ ಕೊಳ್ಳುವುದು ತಪ್ಪು. ಕೊಳ್ಳುವವನು ಕೇಳದಿದ್ದರೆ ದಲ್ಲಾಳಿಯೂ ಕೇಳುವುದಿಲ್ಲ.

ಗುಜರಿ ಇಲ್ಲವೇ ದಲ್ಲಾಳಿ, ತಾತನ ಮುಂದೆ ಈ ಎರಡೇ ಬಾಗಿಲು ಇರುವಂತೆ ಮಾಡಿದವರು ಯಾರು? ಮೂರನೇ ಬಾಗಿಲನ್ನು ನಾವು ಕಟ್ಟಲೇ ಇಲ್ಲ. ಕಾನೂನು ಏನೋ ಇದೆ. 1972ರ ಪ್ರಾಚೀನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ, ರಿಪೇರಿ ಮಾಡಿದರೂ ಹಾರದಂಥ ಹಳೇ ಮಾದರಿಯ ಆಯುಧಕ್ಕೆ ಲೈಸೆನ್ಸಿನಿಂದ ವಿನಾಯಿತಿ ಕೊಡುತ್ತದೆ. ರಿಪೇರಿಯಿಂದ ಹಾರುತ್ತದೆ ಅನ್ನುವುದಾದರೆ ಕಥೆಯೇ ಬೇರೆ. ಇದನ್ನು ತೀರ್ಮಾನಿಸುವವರು ಯಾರು, ತಾತ ಯಾರನ್ನು ಕೇಳಬೇಕು? ಚುನಾವಣೆ ಬಂದಾಗಲೆಲ್ಲ ಬೆಳೆ ಕಾಯುವ ಕೋವಿಗಳನ್ನು ಠಾಣೆಯಲ್ಲಿ ಇಟ್ಟು ಬರುವ ಊರುಗಳು ನಮ್ಮವು. ಕೋವಿ ಅಂದರೆ ಪೊಲೀಸ್ ಅಂತಲೇ ಎದೆ ಹೊಡೆದುಕೊಳ್ಳುತ್ತದೆ. ಈ ಹೆದರಿಕೆಯೇ ದಲ್ಲಾಳಿಯ ಬಂಡವಾಳ. "ಮನೇಲಿ ಇಟ್ಕೊಂಡ್ರೆ ಕೇಸಾಗುತ್ತೆ, ನಂಗೆ ಕೊಟ್ಬಿಡಿ" ಅಂತ ಅವನು ತಾತನಿಗೂ ಹೇಳಿದ್ದ. ಅವನ ಹತ್ತಿರ ಪರವಾನಗಿ ಇದೆಯಾ ಅಂತ ಕೇಳುವುದು ತಾತನಿಗೆ ಹೇಗೆ ತಿಳಿಯಬೇಕು?

ನಾನು ಒಂದು ಕಚೇರಿಗೆ ಫೋನ್ ಮಾಡಿದೆ. ಅವರು ಇನ್ನೊಂದು ಕಚೇರಿ ಹೇಳಿದರು. ಆ ಕಚೇರಿಯವರು "ತಂದು ತೋರಿಸಿ" ಅಂದರು. ಪಿಸ್ತೂಲು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಲು ಎಂಬತ್ತರ ತಾತನಿಗೆ ಹೇಳುವುದು ಹೇಗೆ? ದಲ್ಲಾಳಿ ಬೈಕಿನಲ್ಲಿ ಮನೆ ಬಾಗಿಲಿಗೆ ಬರುತ್ತಾನೆ, ಇಲಾಖೆ ಬರುವುದಿಲ್ಲ. ಅವನು ಗೆಲ್ಲುತ್ತಿರುವುದು ಇಷ್ಟರಿಂದಲೇ.

ನನ್ನ ಬೇಡಿಕೆ ದೊಡ್ಡದಲ್ಲ. ತಾಲ್ಲೂಕಿಗೆ ಒಬ್ಬ ತಿಳಿದವರು ವರ್ಷಕ್ಕೆ ಒಂದೆರಡು ಸಲ ಹೋಬಳಿಗೆ ಬಂದು ಕೂರಲಿ. ದನದ ಲಸಿಕೆಗೆ, ಕಣ್ಣಿನ ತಪಾಸಣೆಗೆ ಶಿಬಿರ ಮಾಡುವ ಹಾಗೆ. ಜನ ತಮ್ಮ ಮನೆಯ ಓಲೆಗರಿ, ತಾಮ್ರಪಟ, ಕತ್ತಿ, ಕೋವಿ ತಂದು ತೋರಿಸಲಿ. ಫೋಟೊ ತೆಗೆದು, ಮನೆಯವರು ಹೇಳುವ ಕಥೆ ಬರೆದುಕೊಂಡು, ವಸ್ತುವನ್ನು ಅವರಿಗೇ ವಾಪಸ್ ಕೊಡಲಿ. ಕಸಿದುಕೊಳ್ಳುವುದಿಲ್ಲ ಅಂತ ಮೊದಲೇ ಬರೆದು ಅಂಟಿಸಲಿ. ಕೊಡಲು ಇಷ್ಟ ಇರುವವರಿಂದ ರಸೀತಿ ಕೊಟ್ಟು, ಹೆಸರು ಹಾಕಿ, ತಾಲ್ಲೂಕಿನಲ್ಲೇ ಒಂದು ಕೋಣೆಯಲ್ಲಿ ಇಡಲಿ. ರಾಜಘಟ್ಟದ ಮಣ್ಣಿನ ಸ್ತೂಪದ ಒಂದೆರಡನ್ನಾದರೂ ಅದೇ ಕೋಣೆಗೆ ಕಳಿಸಲಿ. ನಮ್ಮ ಶಾಲೆ ಮಕ್ಕಳು ಅದನ್ನು ನೋಡಲು ಮೈಸೂರಿಗೆ ಯಾಕೆ ಹೋಗಬೇಕು? ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಸುತ್ತ ದಿನಕ್ಕೊಂದು ಹೊಲ ಲೇಔಟ್ ಆಗುತ್ತಿದೆ, ಹಳೇ ಮನೆ ಕೆಡವುತ್ತಿದ್ದಾರೆ. ಅಟ್ಟಗಳು ಖಾಲಿಯಾಗುತ್ತಿರುವ ಕಾಲ ಇದು. ಇನ್ನು ಹತ್ತು ವರ್ಷ ಕಳೆದರೆ ಕೇಳಲು ತಾತಂದಿರೂ ಇರುವುದಿಲ್ಲ.

ಅಲ್ಲಿಯವರೆಗೆ ಈ ಬರಹ ಓದುವ ನೀವು ಮಾಡಬಹುದಾದದ್ದು ಇದೆ. ನಿಮ್ಮ ಮನೆಯಲ್ಲಿ ಇಂಥದ್ದು ಇದ್ದರೆ ಹುಣಸೆಹಣ್ಣು, ಮರಳು ಕಾಗದ ಹಾಕಿ ಉಜ್ಜಬೇಡಿ, ಗುರುತುಗಳೆಲ್ಲ ಅಳಿಸಿಹೋಗುತ್ತವೆ. ಒಳಗೆ ಮದ್ದು ಉಳಿದಿರಬಹುದು, ಬೆಂಕಿಯ ಹತ್ತಿರ ಒಯ್ಯಬೇಡಿ, ಮಕ್ಕಳ ಕೈಗೆ ಕೊಡಬೇಡಿ. ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಅದು ಎಲ್ಲಿಂದ ಬಂತು ಅಂತ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಇಟ್ಟುಕೊಳ್ಳಿ.

ನಾನು ಅವತ್ತು ತಾತನದ್ದೂ ಅಜ್ಜಿಯದ್ದೂ ರೆಕಾರ್ಡ್ ಮಾಡಿಕೊಂಡೆ. ಅಜ್ಜಿ ನಡುನಡುವೆ ತಾತನನ್ನು ತಿದ್ದುತ್ತಿದ್ದರು. ಕೊನೆಗೆ ತಾತ ಪಿಸ್ತೂಲನ್ನು ಮತ್ತೆ ಸೀರೆ ತುಂಡಿನಲ್ಲಿ ಸುತ್ತಿದರು. ದಲ್ಲಾಳಿ ಐನೂರು ರೂಪಾಯಿ ಮುಂಗಡ ಕೊಟ್ಟು ಹೋಗಿದ್ದಾನೆ, ಯುಗಾದಿ ಕಳೆದ ಮೇಲೆ ಬರುತ್ತಾನಂತೆ.

"ಅವನ ದುಡ್ಡು ವಾಪಸ್ ಕೊಡ್ತೀನಿ ಬಿಡು" ಅಂದರು ತಾತ. "ಆದ್ರೆ ನೀನ್ ಹೇಳೋ ಮ್ಯೂಸಿಯಂನೋರು, ಅವರು ಯಾವತ್ತು ಬರ್ತಾರೆ?"

ಆ ಪ್ರಶ್ನೆಗೆ ನನ್ನ ಹತ್ತಿರ ದಿನಾಂಕ ಇಲ್ಲ. ಯಾರ ಹತ್ತಿರ ಇರಬೇಕೋ ಅವರು ಇದನ್ನು ಓದುತ್ತಿದ್ದರೆ, ಯುಗಾದಿಗೆ ಮೊದಲು ಹೇಳಲಿ.